ಎರಡನೆಯ ಕಾವಲುಗಾರ

ಕರಪತ್ರದಲ್ಲಿ ನನ್ನ ಹೆಸರು ಕೊನೆಗೆ,
ಊಟದ ವ್ಯವಸ್ಥೆಯವರಿಗಿಂತ ಒಂದೇ ಸಾಲು ಮೇಲೆ:
ಎರಡನೆಯ ಕಾವಲುಗಾರ – ಶೀನ.
ಮೊದಲನೆಯವನು ಒಂದನೇ ಅಂಕದಲ್ಲೇ ಸಾಯುತ್ತಾನೆ,
ಪುಣ್ಯವಂತ.

ನನಗಿರುವುದು ಒಂದೇ ಮಾತು:
‘ಪ್ರಭೂ, ಶತ್ರುಗಳು ಬಾಗಿಲಿಗೆ ಬಂದರು.’
ಇದನ್ನು ಹೇಳಲಾಗದೆ ಇರುವುದೇ ನನ್ನ ಪಾತ್ರ.

ಮನಾಮದ ಬಾಡಿಗೆ ಸಭಾಂಗಣ. ಶುಕ್ರವಾರ ಸಂಜೆ.
ಎ.ಸಿ. ಪೈಪಿನ ತುದಿಗೆ ಬೆಳ್ಳಿಕಾಗದ ಸುತ್ತಿದರೆ ಈಟಿ.
ಕಿರೀಟ ಕಾರ್ಗೋದಲ್ಲೇ ಉಳಿಯಿತು, ಹಾಗಾಗಿ ನಮ್ಮ ರಾಜ,
ಹಣ ವಿನಿಮಯದಂಗಡಿಯ ದಿವಾಕರ ಶೆಣೈ,
ಯಾರದೋ ಮದುವೆಯ ಪೇಟದಲ್ಲಿ ಕೋಟೆ ಆಳುತ್ತಿದ್ದಾನೆ.

ಬೆನೆಡಿಕ್ಟ್ ಮಾಸ್ಟ್ರು ಕಲಿಸಿದ್ದು ಹೀಗೆ:
ಹೆದರಿಕೆ ಮೊದಲು ಮೊಣಕಾಲಿಗೆ ಬರಬೇಕು,
ಅಲ್ಲಿಂದ ಈಟಿಗೆ, ಈಟಿಯಿಂದ ಗಡ್ಡಕ್ಕೆ,
ಮಾತಿಗೆ ಕಟ್ಟಕಡೆಗೆ. ಬಾಯಿ ತೆರೆದು ಮೂರು ಎಣಿಸು.
ಜನ ನಗುವುದು ಆ ಮೂರರೊಳಗೆ.
ಅವಸರ ಮಾಡಿದೆಯೋ, ನೀನು ಬರೀ ಜ್ವರದವನು.

ಒಂದು. ಎರಡು.
‘ಪ್ರಭೂ, ಶ್… ಶ್…’
‘ಏನದು, ಬೊಗಳು!’
‘ಶ್… ಶ್… ಶಾವಿಗೆ ಬಂತು ಪ್ರಭೂ!’

ಮುಂದಿನ ಸಾಲಿನ ಹುಡುಗನಿಗೆ ಮಾವಿನ ಜ್ಯೂಸು ಮೂಗಿನಲ್ಲಿ ಬಂತು.
ಹೆಂಗಸರ ಕಡೆಯಿಂದ ಯಾರೋ ಸಾಕಪ್ಪಾ ಎಂದು ಬೇಡಿಕೊಂಡರು.
ಮೂರನೇ ಸಾಲಿನಲ್ಲಿ ಹಮ್ಮಬ್ಬಾಕ,
ಇಸ್ತ್ರಿಯ ಅಂಗಿ, ಮಡಿಲಲ್ಲಿ ರಾತ್ರಿಪಾಳಿಯ ಟಾರ್ಚು,
ಅವರೂ ನಕ್ಕರು. ಎಲ್ಲರೂ ನಿಲ್ಲಿಸಿದ ಮೇಲೆ ನಿಲ್ಲಿಸಿದರು.

ಆ ‘ಶ್’ ನನ್ನದಲ್ಲ.

ಸಿತ್ರಾದ ಗೋದಾಮಿನಿಂದ ಒಂದು ರಾತ್ರಿ
ಅಭ್ಯಾಸಕ್ಕೆ ಹೊತ್ತಾಯಿತೆಂದು ಪಿಕಪ್ ಓಡಿಸಿಕೊಂಡು ಹೋದವನು ನಾನು,
ಗೇಟು ಹಾಕದೆ.
ಹಮ್ಮಬ್ಬಾಕ ಹಿಂದಿನ ಕೋಣೆಯಲ್ಲಿ ನಮಾಜಿಗೆ ನಿಂತಿದ್ದರು.
ಬೆಳಗಾಗುವಾಗ ಹನ್ನೊಂದು ಸುರುಳಿ ತಾಮ್ರದ ತಂತಿ ಇರಲಿಲ್ಲ.

ಮ್ಯಾನೇಜರನ ಮೇಜಿನ ಮುಂದೆ ಅವರು ನಿಂತದ್ದನ್ನು
ಅರೆತೆರೆದ ಬಾಗಿಲ ಹೊರಗಿಂದ ನೋಡಿದೆ.
‘ಗೇಟು ತೆರೆದಿಟ್ಟವರು ಯಾರು?’
ಮೊಣಕಾಲು. ಕೈಯಲ್ಲಿದ್ದ ಟೊಪ್ಪಿ. ಗಡ್ಡ.
‘ಶ್… ಶ್…’
ನನ್ನ ಹೆಸರಿನ ಮೊದಲ ಉಸಿರು ಅದು.
ಊರಿಗೆ ಟಿಕೆಟ್ ಎಷ್ಟಾಗಬಹುದೆಂದು ಲೆಕ್ಕ ಹಾಕತೊಡಗಿದ್ದೆ.
‘ಶಮಾಲ್ ಸಾರ್. ಶಮಾಲ್ ಗಾಳಿ.’

ಆ ವಾರವಿಡೀ ಹಗ್ಗದ ಮೇಲಿನ ಬನಿಯನ್ನೂ ಅಲುಗಿರಲಿಲ್ಲ.

ಸಂಬಳದಲ್ಲಿ ಮೂವತ್ತು ದಿನಾರು ಹಿಡಿದರು.
ಅರ್ಧ ಕೊಡಲು ಹೋದೆ. ಕೈ ಮಡಚಿಸಿ ಹೇಳಿದರು:
‘ಬೀಸಿದವನ ಹತ್ತಿರ ವಸೂಲು ಮಾಡುತ್ತೇನೆ ಬಿಡು.’

ಮರುದಿನ ಅಭ್ಯಾಸದಲ್ಲಿ ನನ್ನ ಕಾಲು ತಾನಾಗಿ ನಡುಗಿತು.
ಮಾಸ್ಟ್ರು ಕುರ್ಚಿ ಬೀಳಿಸಿಕೊಂಡು ಎದ್ದರು:
‘ಇದು! ಇದನ್ನೇ ಇಟ್ಟುಕೋ!’
ಇಟ್ಟುಕೊಂಡೆ,
ಕದ್ದ ತಾಮ್ರವನ್ನು ಯಾರೋ ಇಟ್ಟುಕೊಂಡ ಹಾಗೆ.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಗೆ ಬಂದರು.
ಗಡ್ಡ ಕೀಳುತ್ತಿದ್ದೆ, ಅಂಟು ಚರ್ಮವನ್ನು ಬಿಡುತ್ತಿರಲಿಲ್ಲ.
ಈಟಿಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.
‘ಇದು ನಮ್ಮ ಗೋದಾಮಿನ ಪೈಪಲ್ವಾ?’
‘ಹೌದು.’
‘ಲಾಯ್ಕಾಯ್ತು ಮಾರಾಯ. ಒಂದೇ ಒಂದು –
ಮೊಣಕಾಲು ನಡುಗುವುದು ಆಮೇಲೆ.
ಮೊದಲು ಒಣಗುವುದು ನಾಲಗೆ.
ಅದರ ಮೇಲೆ ಬಂದು ಕೂತ ಹೆಸರನ್ನು
ಹಿಂದಕ್ಕೆ ನುಂಗಲಿಕ್ಕೆ ಉಂಟಲ್ಲ,
ಮೂರು ಸಾಲುವುದಿಲ್ಲ. ಏಳೆಂಟಾದರೂ ಎಣಿಸು.’

ಪಾಳಿಗೆ ತಡವಾಯಿತೆಂದು ಹೊರಟರು.
ಪೈಪು ಅವರ ಕೈಯಲ್ಲೇ ಹೋಯಿತು, ಬೆಳ್ಳಿಕಾಗದ ಸಮೇತ.

ಬರುವ ತಿಂಗಳು ಮುಹರ್ರಕ್‌ನಲ್ಲಿ ಇನ್ನೊಂದು ಪ್ರದರ್ಶನ.
ಎಂಟರವರೆಗೆ ಎಣಿಸಿದರೆ ಜನ ನಗುತ್ತಾರೋ
ಇಲ್ಲ ಸುಮ್ಮನೆ ಕಾಯುತ್ತಾರೋ,
ಮಾಸ್ಟ್ರನ್ನು ಇನ್ನೂ ಕೇಳಿಲ್ಲ.